ಗಂಗಮ್ಮಾಯಿಯ ಹೆಬ್ಬೆಟ್ಟು

ಕಮಲಕ್ಕ, ನಮ್ಮ ಆ್ಯಪನ್ನು ಕಂಪನಿಯವರು ತೆಗೆಯಲಿಲ್ಲ. ತೆಗೆದವಳು ನಾನು. ನಾಲ್ಕು ವರ್ಷ ಇದನ್ನು ಹೇಳದೆ ನಿಮ್ಮ ಜೊತೆ ಒಂದೇ ಸ್ಟಾಫ್ ರೂಮಿನಲ್ಲಿ ಚಹಾ ಕುಡಿದಿದ್ದೇನೆ.

ಹಲಸಂಗಿ, ಮೋರಟಗಿ, ಮಸೂತಿ ಎಂದು ತಿರುಗಿ ಅಜ್ಜಿಯರು ಬೀಸುಕಲ್ಲಿನ ಮುಂದೆ ಹಾಡುವ ಬೀಸುವ ಪದಗಳನ್ನು ರೆಕಾರ್ಡ್ ಮಾಡಿ ತಂದವರು ನೀವು. ಅವನ್ನು ಆ್ಯಪ್ ಮಾಡಿ, ನನ್ನ ಖಾತೆಯಿಂದ ಕಂಪನಿಯ ಆ್ಯಪ್ ಸ್ಟೋರಿಗೆ ಹಾಕಿದವಳು ನಾನು. ಇಂಡಿ ಊರಿನಲ್ಲಿ ಈ ಆ್ಯಪಿಗಾಗಿ ನಿಮಗೆ ಶಾಲು ಹೊದಿಸಿದ ದಿನ ಮೈಕಿನಲ್ಲಿ ಅಂದಿರಿ: "ಫೋನಿನ ಕೆಲಸ ನಮ್ಮ ಸಾಲ್ಯಾಗಿನ ಹುಡುಗಿ ಒಬ್ಬಾಕಿ ಮಾಡಿಕೊಟ್ಟಾಳ್ರಿ." ಹುಡುಗಿ ಒಬ್ಬಾಕಿ — ಎರಡು ಮಕ್ಕಳ ತಾಯಿ, ನಿಮ್ಮ ಪಕ್ಕದ ತರಗತಿಯ ಶಿಕ್ಷಕಿ. ಮೈಯೆಲ್ಲ ಉರಿಯಿತು. ಮನೆಗೆ ಬಂದವಳೇ ಆ್ಯಪನ್ನು ಸ್ಟೋರಿನಿಂದ ತೆಗೆಯುವ ಗುಂಡಿ ಒತ್ತಿದೆ. ಎರಡು ದಿನ ಬಿಟ್ಟು ಮತ್ತೆ ಹಾಕಿದರಾಯಿತು ಅಂದುಕೊಂಡಿದ್ದೆ.

ಮರುದಿನವೇ ನೀವು ಕೇಳಿದಿರಿ. ಬಾಯಿಗೆ ಬಂದದ್ದು ಹೇಳಿದೆ: "ಹಾಡಿದವರ ಒಪ್ಪಿಗಿ ಇಲ್ಲಂತ ಕಂಪನ್ಯಾವ್ರು ತಗದಾರ್ರಿ ಅಕ್ಕಾ. ಅವರ ನಿಯಮ ಹಂಗದಾವ." ಅಂಥದೊಂದು ನಿಯಮ ಇರುವುದು ನಿಜ — ಅದಕ್ಕೇ ಸುಳ್ಳು ಸಲೀಸಾಗಿ ಹೊರಟಿತು.

ಕಂಪನಿಯನ್ನು ಬೈದು ಸುಮ್ಮನಾಗುತ್ತೀರಿ ಅಂದುಕೊಂಡೆ. ನೀವು ಬಿಳಿ ಹಾಳೆ, ಶಾಯಿ ಪ್ಯಾಡು ಹಿಡಿದು ರವಿವಾರಕ್ಕೊಂದು ಊರಿನ ಬಸ್ಸು ಹತ್ತಿದಿರಿ. ಎರಡು ತಿಂಗಳ ಮೇಲೆ ಹೆಬ್ಬೆಟ್ಟಿನ ಹಾಳೆಗಳನ್ನು ನನ್ನ ಕೈಗಿಟ್ಟು ಅಂದಿರಿ: "ಕಳಿಸವಾ. ಮಸೂತಿ ಗಂಗಮ್ಮಾಯಿದು ಅಷ್ಟ ಸಿಗಲಿಲ್ಲ. ನಾ ಹೋಗೂದ್ರಾಗ ಆಕಿ ತೀರಿಕೊಂಡಿದ್ದಳು. ಹಾಡಸೂ ಮೊದಲ ಕೇಳಬೇಕಿತ್ತು, ತಪ್ಪು ನಂದ." ನಿಮ್ಮ ಕಣ್ಣು ತುಂಬಿತ್ತು.

ಆಗಲಾದರೂ ಆ್ಯಪನ್ನು ಮತ್ತೆ ಹಾಕುವ ಗುಂಡಿ ಒತ್ತಿ, ಕಂಪನಿಯವರು ಒಪ್ಪಿದರು ಅಂದಿದ್ದರೆ ನಿಮ್ಮ ಪದಗಳು ಮತ್ತೆ ಎಲ್ಲರ ಫೋನಿಗೆ ಬರುತ್ತಿದ್ದವು. ಆ ಹಾಳೆಗಳನ್ನು ನೋಡಿದ ಮೇಲೆ ನನಗೆ ಖಾತೆ ತೆರೆಯುವ ಧೈರ್ಯವೇ ಬರಲಿಲ್ಲ. ಅವನ್ನು ಟ್ರಂಕಿನ ತಳಕ್ಕಿಟ್ಟೆ. ಆ್ಯಪಿನ ಮಾತು ಬಂದಾಗಲೆಲ್ಲ ನೀವು ಈಗಲೂ "ತಪ್ಪು ನಂದ" ಅನ್ನುತ್ತೀರಿ, ನಾನು ಪುಸ್ತಕ ತಿದ್ದುತ್ತ ಕೂಡುತ್ತೇನೆ.

ಈ ವಾರ ಖಾತೆ ತೆರೆಯಲು ಹೋದೆ. ಬಹಳ ದಿನ ಬಳಸಿಲ್ಲವೆಂದು ಕಂಪನಿ ಅದನ್ನು ಮುಚ್ಚಿಬಿಟ್ಟಿದೆ. ಇನ್ನು ಆ್ಯಪನ್ನು ಮತ್ತೆ ಹಾಕಲಾಗದು; ಕಂಪನಿಯವರು ತೆಗೆದರೆಂದು ನಿಮಗೆ ಹೇಳಿದ ಸುಳ್ಳು ಕೊನೆಗೆ ನಿಜವಾಯಿತು. ಆ್ಯಪನ್ನು ಮೊದಲೇ ಇಳಿಸಿಕೊಂಡಿದ್ದ ನನ್ನ ಹಳೆಯ ಫೋನಿನಲ್ಲಿ ಪದಗಳು ಇನ್ನೂ ಇವೆ.

ಸೋಮವಾರ ಆ ಫೋನನ್ನೂ ಹಾಳೆಗಳನ್ನೂ ತಂದು, ಎಲ್ಲರೆದುರಿಗೆ ನಿಮ್ಮ ಮೇಜಿನ ಮೇಲಿಟ್ಟು, ಇದಿಷ್ಟನ್ನೂ ಹೇಳುತ್ತೇನೆ. ಕ್ಷಮಿಸಿ ಎನ್ನುವ ಮುಖ ನನಗಿಲ್ಲ. ತಪ್ಪು ನಿಮ್ಮದಲ್ಲ. ಗಂಗಮ್ಮಾಯಿಯ ಹೆಬ್ಬೆಟ್ಟನ್ನು ಕಂಪನಿಯವರು ಯಾರೂ ಕೇಳಿರಲಿಲ್ಲ, ಅಕ್ಕ.