ಅವಳ ಮೇಜಿನ ಮೇಲೆ ತುಂಬಿದ ಫಾರಂ

ಹೊಳೆಬಾಗಿಲಿನ ಸೇತುವೆ ಇನ್ನೂ ಮುಗಿದಿರಲಿಲ್ಲ. ಶರಾವತಿ ಹಿನ್ನೀರನ್ನು ಲಾಂಚಿನಲ್ಲಿ ದಾಟುತ್ತಿದ್ದ ಕೊನೆಯ ವರ್ಷ ಅದು. ನಾನಾಗ ಬೆಂಗಳೂರಿನ ಒಂದು ವೆರಿಫಿಕೇಶನ್ ಏಜೆನ್ಸಿಯ ಫೀಲ್ಡ್ ಎಕ್ಸಿಕ್ಯೂಟಿವ್. ಹುದ್ದೆಯ ಹೆಸರು ಕೇಳಿ ಯಾರೂ ಗಾಬರಿಯಾಗಬೇಕಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿಗೆ ನಾನೊಬ್ಬನೇ. ಸ್ಕೂಟರೂ ನನ್ನದೇ, ಮೊಬೈಲೂ ನನ್ನದೇ. ವಯಸ್ಸು ನಲವತ್ತೊಂಬತ್ತು.

ಕೆಲಸ ಇಷ್ಟು. ದೊಡ್ಡ ಟೆಕ್ ಕಂಪನಿಗಳು ಆಫರ್ ಲೆಟರ್ ಕೊಟ್ಟ ಮೇಲೆ, ಅಭ್ಯರ್ಥಿ ಸೇರುವ ಮುಂಚೆ, ಅವರು ಹೇಳಿಕೊಂಡಿದ್ದೆಲ್ಲ ನಿಜವೇ ಎಂದು ಹೊರಗಿನವರಿಂದ ತಪಾಸಣೆ ಮಾಡಿಸುತ್ತವೆ. ಮನೆಗೆ ಹೋಗಿ ನೋಡುವ ಪಾಲು ನನ್ನದು. ಮೊಬೈಲಿನ ಆ್ಯಪ್‌ನಲ್ಲಿ ಮನೆಯ ಫೋಟೊ, ಮನೆಯವರ ಸಹಿ, ನೆರೆಯವರೊಬ್ಬರ ಹೇಳಿಕೆ ಎಂದೆಲ್ಲ ಇರುವ ಫಾರಂ ತುಂಬಬೇಕು. ಕೊನೆಯಲ್ಲಿ ‘ರಿಮಾರ್ಕ್ಸ್’ ಎಂಬ ಚೌಕವಿತ್ತು, ನಾನು ಕಣ್ಣಾರೆ ಕಂಡದ್ದನ್ನು ಬರೆಯಲಿಕ್ಕೆ. ಅದು ಕಡ್ಡಾಯವಲ್ಲ. ಕಡ್ಡಾಯವಲ್ಲದ್ದನ್ನು ನಾನು ಯಾವತ್ತೂ ತುಂಬಿದವನಲ್ಲ. ಸ್ಕೂಟರಿನ ಸ್ಟ್ಯಾಂಡ್ ತೆಗೆದೆನೋ ಇಲ್ಲವೋ ಎಂದು ನಡುದಾರಿಯಲ್ಲಿ ಬಗ್ಗಿ ನೋಡುವ ಜಾತಿ ನನ್ನದು. ಬರೆದದ್ದು ಮುಂದೆ ಕುತ್ತಿಗೆಗೆ ಬಂದರೆ ಎಂಬ ಭಯ.

ಇನ್ನೊಂದು ನಿಯಮವಿತ್ತು. ನೆರೆಯವರಿಗೆ ಕಂಪನಿಯ ಹೆಸರಾಗಲಿ, ವಿಚಾರಣೆ ಯಾತಕ್ಕೆಂದಾಗಲಿ ಹೇಳಕೂಡದು. ಬೆಂಗಳೂರಿನಲ್ಲಿ ಕೂತು ಈ ನಿಯಮ ಮಾಡಿದವರಿಗೆ ನಮ್ಮ ಕಡೆಯ ರೂಢಿ ಗೊತ್ತಿರಲಿಲ್ಲ. ಹೆಣ್ಣು ನೋಡುವ ಶಾಸ್ತ್ರಕ್ಕೆ ಮೊದಲು ಗಂಡಿನ ಕಡೆಯವರು ನಡುವಯಸ್ಸಿನ ಒಬ್ಬನನ್ನು ಸದ್ದಿಲ್ಲದೆ ಪಕ್ಕದ ಮನೆಗೆ ಕಳಿಸಿ ವಿಚಾರಿಸುವುದುಂಟು. ಇಸ್ತ್ರಿ ಅಂಗಿ, ಅರ್ಧ ಬೋಳಾದ ತಲೆ, ಬಗಲಲ್ಲಿ ಫೈಲು: ನನ್ನನ್ನು ಕಂಡವರು ಬೇರೆ ಏನೆಂದುಕೊಳ್ಳಬೇಕು? ಮೇಳಿಗೆಯಲ್ಲಿ, ನಿಟ್ಟೂರಿನಲ್ಲಿ ಎಷ್ಟೋ ಮನೆಗಳಲ್ಲಿ ಹೀಗೆ ಉಪಚಾರ ಮಾಡಿಸಿಕೊಂಡಿದ್ದೇನೆ. ‘ನಾನು ಗಂಡಿನ ಕಡೆಯವನಲ್ಲ’ ಎನ್ನಲು ನಿಯಮವೇನೂ ಅಡ್ಡ ಬರುತ್ತಿರಲಿಲ್ಲ. ಕಾಫಿ-ಕಡುಬು ಅಡ್ಡ ಬರುತ್ತಿತ್ತು.

ಆ ಸಲ ಬಂದ ಹೆಸರು ಚೈತ್ರಾ. ನಿಜವಾದ ಹೆಸರು ಬೇರೆ. ಇಪ್ಪತ್ತಾರು ವರ್ಷ, ಮನೆ ಬ್ಯಾಕೋಡಿನಿಂದ ಮುಂದೆ. ಶಿವಮೊಗ್ಗದ ಒಂದು ಸಣ್ಣ ಕಂಪನಿಗೆ ಮೂರು ವರ್ಷ ಮನೆಯಲ್ಲೇ ಕೂತು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದ್ದಳು, ಅಂದರೆ ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವ ಕೆಲಸ. ಐದು ಸುತ್ತು ಇಂಟರ್‌ವ್ಯೂ ದಾಟಿ, ಹೆಸರು ಹೇಳಿದರೆ ಎಲ್ಲರಿಗೂ ಗೊತ್ತಾಗುವಂಥ ಕಂಪನಿಯ ಹೈದರಾಬಾದ್ ಆಫೀಸಿಗೆ ಆಯ್ಕೆಯಾಗಿದ್ದಳು.

ನಾನು ಹೋದಾಗ ಅವಳು ಮೆಡಿಕಲ್ ಸರ್ಟಿಫಿಕೇಟಿಗೆಂದು ಸಾಗರಕ್ಕೆ ಹೋಗಿದ್ದಳು. ತಾಯಿ ಗಿರಿಜಮ್ಮ ಇದ್ದರು. ಅವರಿಗೆ ನಾನು ಯಾರೆಂದು ಗೊತ್ತಿತ್ತು. ದಾರಿ ಕೇಳಲು ಹಿಂದಿನ ದಿನವೇ ಫೋನ್ ಮಾಡಿದ್ದೆ. ಜಗಲಿಯಲ್ಲಿ ಪ್ಲಾಸ್ಟಿಕ್ ಕವರು ತೆಗೆಯದ ಹೊಸ ಸೂಟ್‌ಕೇಸು ನಿಂತಿತ್ತು.

“ಹಳೇ ಕೆಲ್ಸಕ್ಕೆ ರಾಜೀನಾಮೆ ಕೊಟ್ಟಾತು. ಅಲ್ಲಿ ಪೀಜಿನೂ ನೋಡಿಟ್ಟಾತು. ನಂಗೆ ಹೈದರಾಬಾದು ಯಾವ ದಿಕ್ಕಿಗದೆ ಅಂತ್ಲೂ ಗೊತ್ತಿಲ್ಲ,” ಎಂದು ನಕ್ಕರು. ಕಿಟಕಿಯ ಪಕ್ಕದ ಮೇಜಿನಿಂದ ಲ್ಯಾಪ್‌ಟಾಪು, ಹೆಡ್‌ಫೋನು ಬದಿಗೆ ಸರಿಸಿ ಜಾಗ ಮಾಡಿಕೊಟ್ಟರು. “ಇಲ್ಲೇ ಕೂತ್ಕಂಡು ಬರೀರಿ. ಇದೇ ಅವಳ ಆಫೀಸು.”

ಗೋಡೆಗೆ ಮೀಟಿಂಗುಗಳ ವೇಳಾಪಟ್ಟಿ ಅಂಟಿಸಿತ್ತು. ಕುರ್ಚಿಯ ಮೇಲೆ ಕೂತು ಕೂತು ಸವೆದ ದಿಂಬು. ಅದರ ಮೇಲೆ ಕೂತೇ ಅರ್ಧ ಫಾರಂ ತುಂಬಿದೆ.

ಉಳಿದದ್ದು ನೆರೆಯವರ ಹೇಳಿಕೆ. ಪಕ್ಕದ ಮನೆಗೆ ಹೋದೆ. ಅಲ್ಲಿನ ಶಾಂತಕ್ಕನಿಗೆ ಅರವತ್ತರ ಆಸುಪಾಸು.

“ಚೈತ್ರಾ ಅವರ ಬಗ್ಗೆ ಸ್ವಲ್ಪ ಕೇಳಬೇಕಿತ್ತು,” ಎಂದೆ.

ಅವರ ಮುಖ ಅರಳಿತು. “ಅಯ್ಯ, ಕೂತ್ಕಳಿ ಮಾರಾಯ್ರೆ. ಅಂಥ ವಿಷ್ಯ ನಿಂತ್ಕಂಡು ಮಾತಾಡಕ್ಕಾಗ್ತದಾ?”

ಸೌತೆಕಾಯಿ ಕಡುಬು, ಜೊತೆಗೆ ತುಪ್ಪ ಬಂತು.

“ಅವರು ಕೆಲಸ ಏನು ಮಾಡ್ತಾರೆ?”

“ಎಂಥ ಕೆಲ್ಸ? ಮನೆ ಕೆಲ್ಸ. ಓದು ಮುಗ್ದು ಮೂರು ವರ್ಷಾತು, ಮನೇಲೇ ಅದಾಳೆ. ಈ ಕಂಪ್ಯೂಟ್ರು, ಕಿವಿಗೆ ವಯರು, ಎಂಥದೂ ಇಲ್ಲ ಅವ್ಳಿಗೆ.”

ಕಿವಿಯ ವಯರಿನ ಸುದ್ದಿ ನಾನು ಎತ್ತಿಯೇ ಇರಲಿಲ್ಲ. “ಕಂಪನಿ ಕೆಲಸ ಇದೆ ಅಂತ ಯಾರೋ ಹೇಳಿದ್ರು,” ಎಂದೆ.

“ಯಾರ್ರೀ ಅದು ಹಂಗ್ ಹೇಳಿದ್ದು? ಶುದ್ಧ ಸುಳ್ಳು. ಇನ್ನೊಂದ್ ಹಾಕ್ಲಾ?”

ಇವರು ಹುಡುಗಿಗೆ ಒಳ್ಳೆಯದಾಗಲಿ ಎಂದೇ ಸುಳ್ಳು ಹೇಳುತ್ತಿದ್ದಾರೆಂದು ನನಗೆ ಆ ಕ್ಷಣವೇ ಗೊತ್ತಾಯಿತು. ‘ಶಾಂತಕ್ಕ, ನಾನು ಸಂಬಂಧ ಕೇಳಲು ಬಂದವನಲ್ಲ’ ಎಂದರೆ ಮುಗಿಯುತ್ತಿತ್ತು. ಆದರೆ ಆಮೇಲೆ ಅವರು ಯಾಕೆ, ಏನು ಎಂದು ಕೇಳುತ್ತಾರೆ, ಮಾತು ಬೆಳೆಯುತ್ತದೆ, ಕಡೆಯ ಲಾಂಚ್ ತಪ್ಪುತ್ತದೆ. ಮಧ್ಯಾಹ್ನದಿಂದ ನನ್ನ ತಲೆಯಲ್ಲಿದ್ದದ್ದು ಆ ಲಾಂಚ್ ಒಂದೇ. ಇನ್ನೊಂದು ಕಡುಬು ಹಾಕಿಸಿಕೊಂಡೆ.

ನೆರೆಯವರ ಮಾತನ್ನು ಇದ್ದ ಹಾಗೇ ಬರೆಯಬೇಕು. ಹಿಂದೊಮ್ಮೆ ತೀರ್ಥಹಳ್ಳಿಯ ಒಂದು ಕೇಸಿನಲ್ಲಿ ಯಾರದೋ ಒರಟು ಮಾತನ್ನು ನಯ ಮಾಡಿ ಬರೆದು, ಇನ್ನೊಮ್ಮೆ ಹೀಗಾದರೆ ಐಡಿ ಬ್ಲಾಕ್, ಅಂದರೆ ಕೆಲಸವೇ ಬಂದ್, ಎಂಬ ಎಚ್ಚರಿಕೆ ಪಡೆದಿದ್ದೆ. ಹಾಗಾಗಿ ಲಾಂಚಿನಲ್ಲಿ ನಿಂತು ಬರೆದೆ: ‘ಅಭ್ಯರ್ಥಿ ಮೂರು ವರ್ಷದಿಂದ ಮನೆಯಲ್ಲೇ ಇದ್ದಾರೆ, ಯಾವ ಉದ್ಯೋಗವೂ ಇಲ್ಲ.’ ರಿಮಾರ್ಕ್ಸ್ ಚೌಕದಲ್ಲಿ ‘ಮನೆಯಲ್ಲಿ ಕೆಲಸದ ಮೇಜು, ಲ್ಯಾಪ್‌ಟಾಪ್ ನೋಡಿದ್ದೇನೆ’ ಎಂದು ಟೈಪ್ ಮಾಡಿದೆ. ಮೇಜಿನ ಫೋಟೊ ಎಲ್ಲಿ ಎಂದು ಕೇಳಿದರೆ? ಮತ್ತೆ ಇಷ್ಟು ದೂರ ಬರಬೇಕು. ಅಳಿಸಿದೆ. ಹಿನ್ನೀರಿನ ನಡುವೆ ಸಿಗ್ನಲ್ ಸಿಕ್ಕಿತು. ಸಬ್‌ಮಿಟ್ ಒತ್ತಿ ನಿರಾಳನಾದೆ.

ಹದಿನೆಂಟು ದಿನದ ಮೇಲೆ ಫೋನ್ ಬಂತು.

“ಸರ್, ನಾನು ಚೈತ್ರಾ. ಬ್ಯಾಕೋಡಿಂದ. ಆಫರ್ ವಾಪಸ್ ತಗೊಂಡ್ರು.”

ಅವಳ ಹಳೆಯ ಕಂಪನಿ ಬಾಡಿಗೆ ಆಫೀಸು ಬಿಟ್ಟು ಎಲ್ಲರನ್ನೂ ಮನೆಯಿಂದಲೇ ದುಡಿಸುತ್ತಿತ್ತು. ತಪಾಸಣೆಯ ಪತ್ರಕ್ಕೆ ಅಲ್ಲಿಂದ ಸಮಯಕ್ಕೆ ಉತ್ತರ ಹೋಗಿರಲಿಲ್ಲ. ಅದರ ಮೇಲೆ ನನ್ನ ವರದಿ. ಎರಡೂ ಸೇರಿ, ಅನುಭವ ಸುಳ್ಳು ಎಂದಾಯಿತು. ಹಳೆಯ ಜಾಗಕ್ಕೆ ಆಗಲೇ ಬೇರೆಯವರು ಬಂದಿದ್ದರು.

“ನೆರೆಯವರು ಹೇಳಿದ್ದನ್ನಷ್ಟೇ ನಾನು ಬರೆಯೋದು,” ಎಂದೆ. ನನ್ನ ದನಿ ನನಗೇ ಆ್ಯಪ್‌ನ ದನಿಯಂತೆ ಕೇಳಿಸಿತು.

“ಶಾಂತಕ್ಕಂದು ನಂಗೊತ್ತು ಸರ್. ಹಿಂದೆ ಒಂದು ಸಂಬಂಧ ಬಂದಾಗ, ನಮ್ಮ ಹುಡ್ಗಿ ದಿನವಿಡೀ ಕಿವಿಗೆ ವಯರು ಹಾಕ್ಕೊಂಡು ಇಂಗ್ಲಿಷಲ್ಲಿ ಮಾತಾಡ್ತಾಳೆ ಅಂತ ಹೆಮ್ಮೆಯಿಂದ ಹೇಳಿದ್ರು. ಆ ಗಂಡಿನ ಕಡೆಯವ್ರು ಅದಕ್ಕೇ ಬೇಡ ಅಂದ್ರು. ಶಾಂತಕ್ಕ ಅವತ್ತಿಂದ ನೊಂದ್ಕೊಂಡಿದಾರೆ, ನಿಮ್ಮನ್ನೂ ಗಂಡಿನ ಕಡೆಯವ್ರು ಅಂದ್ಕೊಂಡಿರ್ಬೇಕು. ನೀವು ನನ್ನ ಮೇಜಿನ ಮೇಲೆ ಇಟ್ಕೊಂಡೇ ಫಾರಂ ತುಂಬಿದ್ರಂತೆ. ಅಮ್ಮ ಹೇಳಿದ್ರು.”

ನಾನು ಹೂಂ ಎಂದೆ.

“ಶಾಂತಕ್ಕಂಗೆ ಹೇಳ್ಬೇಡಿ ಸರ್. ತಡ್ಕಳಲ್ಲ ಅವ್ರು.” ಫೋನ್ ಇಟ್ಟಳು. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಉತ್ತರಗಳನ್ನು ಸಾಕಷ್ಟು ಸಿದ್ಧ ಮಾಡಿಟ್ಟುಕೊಂಡಿದ್ದೆ.

ಏಜೆನ್ಸಿಗೆ ಮೂರು ಪತ್ರ ಬರೆದೆ. ಕೇಸು ಮುಗಿದಿದೆ, ವರದಿ ತಿದ್ದಲು ಬರುವುದಿಲ್ಲ ಎಂದು ಒಂದಕ್ಕೆ ಉತ್ತರ ಬಂತು. ಕಡೆಗೆ ಇನ್ನೊಮ್ಮೆ ಲಾಂಚ್ ಹತ್ತಿ, ಮೇಜಿನ ಫೋಟೊ ತೆಗೆದು, ಗಿರಿಜಮ್ಮನ ಹೇಳಿಕೆ ಬರೆಸಿಕೊಂಡು ಕಳಿಸಿದೆ. ಗಿರಿಜಮ್ಮ ಸಹಿ ಹಾಕಿ ಒಳಗೆ ಹೋದರು. ಅದಕ್ಕೆ ಏಜೆನ್ಸಿಯಿಂದ ಉತ್ತರವೇ ಬರಲಿಲ್ಲ.

ಅವತ್ತು ಅಲ್ಲಿಂದ ಹೊರಡುವಾಗ ಶಾಂತಕ್ಕ ಬೇಲಿಯ ಹತ್ತಿರ ಹಿಡಿದರು. “ಬಂದ್ರಾ? ಗಂಡಿನ ಕಡೆಯವ್ರು ಎಂತ ಅಂದ್ರು?”

“ಜಾತಕ ಕೂಡಿ ಬರಲಿಲ್ಲ,” ಎಂದೆ.

“ಅಂಥ ಹುಡ್ಗಿನ ಬಿಟ್ರಲ್ಲ, ಅವ್ರ ಕಣ್ಣಿಗೇನಾಗಿತ್ತು?” ಎಂದರು. ಆಮೇಲೆ ದನಿ ತಗ್ಗಿಸಿ ಕೇಳಿದರು: “ನಾ ಹೇಳಿದ್ರಲ್ಲಿ ಎಂತಾದ್ರೂ ಹೆಚ್ಚು ಕಮ್ಮಿ ಆತಾ?”

“ಇಲ್ಲ ಶಾಂತಕ್ಕ. ನೀವು ಹೇಳಿದ್ದನ್ನ ಹಾಗೇ ತಿಳಿಸಿದೀನಿ.” ಅವತ್ತು ನಾನು ಆಡಿದ ಒಂದೇ ನಿಜ ಅದು.

ಚೈತ್ರಾ ಈಗ ಸಾಗರದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಾಳೆ. ಪೇಟೆಯಲ್ಲಿ ಎದುರಾದರೆ ನಮಸ್ಕಾರ ಸರ್ ಎನ್ನುತ್ತಾಳೆ. ನಾನು ಆ ಬೀದಿಯಲ್ಲಿ ಹೋಗುವುದನ್ನೇ ಕಡಿಮೆ ಮಾಡಿದ್ದೇನೆ. ಆ ಕೇಸಿನ ನಂತರ ಪ್ರತಿ ವರದಿಯಲ್ಲೂ ರಿಮಾರ್ಕ್ಸ್ ಚೌಕವನ್ನು ಮೊದಲು ತುಂಬತೊಡಗಿದೆ: ಮೇಜು, ದಿಂಬು, ಗೋಡೆಯ ಚೀಟಿ, ಏನು ಕಂಡರೆ ಅದು. ಆರು ತಿಂಗಳಲ್ಲಿ ಏಜೆನ್ಸಿ ನನ್ನನ್ನು ಕೈಬಿಟ್ಟಿತು. ಅನಗತ್ಯ ವಿವರ ಹೆಚ್ಚು ಎಂಬುದು ಕಾರಣ.

ಈ ಕೆಲಸದಲ್ಲಿ ನಾನು ಕಲಿತದ್ದು ಒಂದೇ. ಖಾಲಿ ಬಿಟ್ಟ ಚೌಕವನ್ನೂ ಯಾರೋ ಓದುತ್ತಾರೆ, ಅದರ ಕೆಳಗೂ ನನ್ನ ಸಹಿಯೇ ಇರುತ್ತದೆ. ಈಗ ಸೇತುವೆಯಾಗಿದೆ, ಬ್ಯಾಕೋಡಿಗೆ ಯಾವ ಹೊತ್ತಿನಲ್ಲಿ ಬೇಕಾದರೂ ಹೋಗಿ ಬರಬಹುದು. ಮೊದಲ ಸಲ ಅದರ ಮೇಲೆ ಸ್ಕೂಟರ್ ಓಡಿಸಿದಾಗ ನಡುವೆ ನಿಲ್ಲಿಸಿ ಕೆಳಗಿನ ನೀರು ನೋಡಿದೆ. ಅವತ್ತು ಲಾಂಚಿನಲ್ಲಿ ಸಿಗ್ನಲ್ ಸಿಕ್ಕ ಜಾಗ ಸುಮಾರಿಗೆ ಅಲ್ಲೇ. ಆ ಸಂಜೆ ಈ ಸೇತುವೆ ಇದ್ದಿದ್ದರೆ ನಾನು ವಾಪಸ್ ಹೋಗಿ ಮೇಜಿನ ಫೋಟೊ ತೆಗೆಯುತ್ತಿದ್ದೆನೇ ಎಂದು ಕೇಳಿಕೊಂಡೆ. ನನ್ನನ್ನು ನಾನು ಬಲ್ಲೆ. ಸ್ಟ್ಯಾಂಡ್ ತೆಗೆದಿದೆಯೇ ಎಂದು ಎರಡು ಸಲ ನೋಡಿ ಮುಂದೆ ಹೊರಟೆ.