ಪಂಕ್ತಿಭೇದ ಕಲಿತ ಚಿನ್ನಮ್ಮ

ಬೆಳಗಿನ ಆರು ಗಂಟೆ. ಆಲೂರಿನ ಹೊರವಲಯದ ಗಿಡಮೂಲಿಕೆ ಸಂಶೋಧನಾ ಕೇಂದ್ರದ ಇಲಿ ಮನೆಯಲ್ಲಿ ಚಿನ್ನಮ್ಮ ಮೊಣಕೈವರೆಗೆ ಸೋಪು ಹಚ್ಚಿ ಎರಡನೇ ಸಲ ಕೈ ತೊಳೆಯುತ್ತಿದ್ದಾರೆ. ಸೆರಗು ಕೊಡವಿ, ಉಗುರಿನ ಸಂದಿಯನ್ನೂ ನೋಡಿಕೊಂಡ ಮೇಲೆಯೇ ಪಂಜರಕ್ಕೆ ಕೈ ಹಾಕುವುದು. ಒದ್ದೆ ಹೊಟ್ಟು ತೆಗೆದು ಒಣ ಹೊಟ್ಟು ಹಾಸುತ್ತಾರೆ, ನೀರಿನ ಬಾಟಲಿ ತುಂಬುತ್ತಾರೆ, ನಲವತ್ತೆಂಟು ಬಿಳಿ ಇಲಿಗಳನ್ನು ಒಂದೊಂದಾಗಿ ತೂಗುತ್ತಾರೆ. ಐದು ವರ್ಷದಲ್ಲಿ ಒಂದು ಇಲಿಯೂ ಅವರನ್ನು ಕಚ್ಚಿಲ್ಲ.

ವನಗೂರಿನ ಕಾಫಿ ಎಸ್ಟೇಟಿನ ಕೂಲಿ ಲೈನ್‌ನಲ್ಲಿ ಹುಟ್ಟಿ ಬೆಳೆದ ಚಿನ್ನಮ್ಮನಿಗೆ ಅಕ್ಷರ ಬಾರದು. ಕಾಫಿ ಹಣ್ಣಿನ ತೂಕವನ್ನು ತೋಟದ ಗುಮಾಸ್ತ ರೈಟರ್ ಬರೆಯುವುದು ನೋಡಿ ನೋಡಿ ಅಂಕಿ ಮಾತ್ರ ಕಲಿತರು. ಮಂಡಿ ಸೋತು ಇಳಿಜಾರು ಹತ್ತಲಾಗದೆ ಐದು ವರ್ಷದ ಹಿಂದೆ, 1998ರಲ್ಲಿ, ಇಲ್ಲಿಗೆ ಬಂದರು. ಎಸ್ಟೇಟ್ ಸ್ಟೋರ್‌ನಲ್ಲಿ ಇಲಿ ಕಂಡರೆ ಪೊರಕೆ ಹಿಡಿದು ಅಟ್ಟುತ್ತಿದ್ದ ಕೈಗೆ ಇಲಿಗಳನ್ನೇ ಸಾಕುವ ಕೆಲಸ ಸಿಕ್ಕಿತು. ವಿಧಿಗೂ ಒಮ್ಮೊಮ್ಮೆ ತಮಾಷೆ ಬೇಕಾಗುತ್ತದೆ.

ಇಲ್ಲಿ ನಡೆಯುತ್ತಿರುವುದು ಒಂದೆಲಗದ ಪರೀಕ್ಷೆ. ಹಸಿರು ಚೀಟಿಯ ಪಂಜರಗಳಿಗೆ ಸೊಪ್ಪಿನ ಸಾರ, ಬಿಳಿ ಚೀಟಿಯವಕ್ಕೆ ಬರೀ ನೀರು. ಎಂಟು ವಾರದ ನಂತರ ಯಾವ ಇಲಿ ಮರದ ಪೆಟ್ಟಿಗೆಯ ಸುತ್ತುದಾರಿಯನ್ನು ಬೇಗ ನೆನಪಿಟ್ಟುಕೊಳ್ಳುತ್ತದೆ ಎಂದು ನೋಡುತ್ತಾರೆ. ಆಮೇಲೆ ಅವುಗಳ ಮೆದುಳು ತೆಗೆದು, ನೆನಪಿಗೆ ಬೇಕಾದ ರಾಸಾಯನಿಕ ಎಷ್ಟಿದೆಯೆಂದು ಅಳೆಯುತ್ತಾರೆ. ಅಲ್ಲಿಗೆ ಇಲಿಯ ಕಥೆ ಮುಗಿಯುತ್ತದೆ.

ಹೋದ ಸಲ ಎರಡೂ ಸಾಲಿನ ಇಲಿಗಳ ಅಳತೆ ಹೆಚ್ಚುಕಡಿಮೆ ಒಂದೇ ಬಂತು. ಒಂದೆಲಗದಲ್ಲಿ ಏನೂ ಇಲ್ಲವೆಂದು ಸಂಶೋಧಕಿ ದೀಪಶ್ರೀ ವರದಿ ಬರೆಯಲು ಕೂತರು. ಅದು ಕಿವಿಗೆ ಬಿದ್ದದ್ದೇ ಚಿನ್ನಮ್ಮ ಕೈಯಲ್ಲಿದ್ದ ಪೊರಕೆ ಬಿಟ್ಟು ಅವರ ಮೇಜಿನ ಮುಂದೆ ಹೋಗಿ ನಿಂತರು.

"ಬಿಳಿ ಚೀಟಿಯೋವ್ಕೂ ದಿನಾ ನಾಕ್ನಾಕು ಒಂದೆಲಗದ ಎಲೆ ಹಾಕ್ಬುಟ್ಟಿದೀನಿ ಮೇಡಂನೋರೆ. ಗದ್ದೆ ಬದೀಲಿ ಕಿತ್ಕೊಂಡ್ ಬತ್ತಿದ್ದೆ," ಎಂದರು.

ಯಾಕೆ ಎಂದು ಕೇಳಿದ್ದಕ್ಕೆ ಅವರ ಉತ್ತರ ಇಷ್ಟೇ: "ಒಂದೇ ಸಾಲಲ್ಲಿ ಕೂರ್ಸಿ ಒಬ್ರಿಗೆ ಬಡ್ಸಿ ಇನ್ನೊಬ್ರಿಗೆ ಬುಡಬಾರ್ದು ಅಂತ ನಮ್ಮವ್ವ ಹೇಳ್ಕೊಟ್ಟಿದ್ಲು. ಹೆಂಗೂ ಸಾಯೋ ಜೀವ, ಅದಕ್ಕೆಂತ ಪಂಕ್ತಿಭೇದ ಅನ್ಕಂಡೆ."

ಎರಡು ತಿಂಗಳ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ದಿನಗೂಲಿಯ ಕೆಲಸ, ಅದೂ ಅಂದೇ ಹೋಗಬಹುದಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ ಎಂಬುದು ಚಿನ್ನಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

"ನನಗೆ ಸಿಟ್ಟು ಬಂದಿದ್ದು ನಿಜ. ಆದರೆ ಬಿಳಿ ಚೀಟಿಯವಕ್ಕೆ ಯಾಕೆ ಕೊಡಬಾರದು ಅಂತ ನಾನೂ ಅವರಿಗೆ ಒಂದು ದಿನವೂ ಹೇಳಿಕೊಟ್ಟಿರಲಿಲ್ಲ," ಎನ್ನುತ್ತಾರೆ ದೀಪಶ್ರೀ. ಪರೀಕ್ಷೆಯನ್ನು ಮೊದಲಿನಿಂದ ಮಾಡುವುದೆಂದು ತೀರ್ಮಾನವಾಯಿತು. ಹೊಸ ಇಲಿಗಳೂ ಚಿನ್ನಮ್ಮನ ಕೈಗೇ ಬಂದವು.

ಚಿನ್ನಮ್ಮನನ್ನು ಕಾಡಿದ್ದು ಕೆಲಸದ ಚಿಂತೆಯಲ್ಲ. "ನಲವತ್ತೆಂಟು ಜೀವ ನನ್ನಿಂದ ಸುಮ್ನೆ ಹೋದ್ವಲ್ಲ. ಒಂದೆಲಗ ತಿನ್ಸಿ ಪುಣ್ಯ ಮಾಡ್ದೆ ಅನ್ಕಂಡಿದ್ದೆ, ಅವುಗಳ ಸಾವ್ನೇ ದಂಡ ಮಾಡ್ಬುಟ್ಟಿದ್ದೆ ಕಣ್ರೀ," ಎನ್ನುತ್ತಾರೆ.

ಅಂದಿನಿಂದ ಅವರ ಮನೆಗೆ ಒಂದೆಲಗ ಬಂದಿಲ್ಲ. ಸೆರಗಿಗೆ ಒಂದು ಎಲೆಯೂ ಅಂಟಿ ಬರಬಾರದೆಂದು ಗದ್ದೆಯ ಬದಿಯ ಹತ್ತಿರದ ದಾರಿ ಬಿಟ್ಟು ಟಾರು ರಸ್ತೆಯಲ್ಲಿ ಒಂದೂವರೆ ಮೈಲಿ ಸುತ್ತಿ ಬರುತ್ತಾರೆ, ಆ ಸೋತ ಮಂಡಿಯಲ್ಲೇ. ಇದು ಅತಿಯಾಯಿತೆಂದು ದೀಪಶ್ರೀಯವರೇ ನಕ್ಕರೂ ಕೇಳಿಲ್ಲ. ಇಂದು ಐವತ್ತೊಂದನೇ ದಿನ. ಬಿಳಿ ಚೀಟಿಯ ಇಲಿಯೊಂದು ಸರಳಿಗೆ ಮೂಗು ತಾಗಿಸಿ ಅವರ ಕೈಯನ್ನೇ ನೋಡುತ್ತಿದೆ. ಅವರು ನೀರು ಇಟ್ಟು ಮುಂದೆ ಹೋಗುತ್ತಾರೆ.

ಎಂಟು ವಾರ ತುಂಬಲು ಇನ್ನು ಐದು ದಿನ. ನಿಮಗೇನಾದರೂ ಆಸೆ ಇದೆಯೇ ಎಂದರೆ ಚಿನ್ನಮ್ಮ ತೂಕದ ಅಂಕಿ ಬರೆದು ಮುಗಿಸಿ ತಲೆ ಎತ್ತುತ್ತಾರೆ.

"ಎಲೇಲಿ ಗುಣ ಐತೆ ಅಂತ ಬಂದ್ರೂ ಸೈ, ಇಲ್ಲ ಅಂತ ಬಂದ್ರೂ ಸೈ. ದಿಟ ಬಂದ್ರೆ ಸಾಕು. ಆವತ್ತು ಒಂದೆಲಗದ ಚಟ್ನಿ ಅರೆದು, ಇಲ್ಲಿರೋರ್ನೆಲ್ಲ ಒಂದೇ ಸಾಲಲ್ಲಿ ಕೂರ್ಸಿ ಬಡಿಸ್ತೀನಿ."