ಇಬ್ಬರಿಗೊಂದು ಸ್ಲೈಡು
ಸಂಶಿಯ ಹೈಸ್ಕೂಲಿನ ಪಂಢರಿನಾಥ ಮಾಸ್ತರರು ಸೂಕ್ಷ್ಮದರ್ಶಕದ ಮುಂದೆ ಕೂತರೆಂದರೆ ಚಕ್ರವರ್ತಿ ಸಿಂಹಾಸನ ಏರಿದಂತೆ: ಟೊಪ್ಪಿಗೆ ತೆಗೆದಿಟ್ಟು, ಧೋತರದ ಚುಂಗಿನಿಂದ ಮಸೂರ ಒರೆಸಿ, ಎಡಗಣ್ಣು ಮುಚ್ಚಿ ತೀರ್ಪು ಕೊಡುತ್ತಾರೆ. “ಕೋಶಗಳು ಒತ್ತಿಕೊಂಡು ಕೂತಿದ್ರ ಅನುಲೇಪಕ ಅಂಗಾಂಶ, ನಮ್ಮೂರ ಬಸ್ಸಿನಂಗ. ನಡುವ ಜಾಗ ಬಿಟ್ಟು ಕೂತಿದ್ರ ಸಂಯೋಜಕ, ಗುಡಗೇರಿ ಸ್ಟೇಷನ್ನಿನಂಗ. ತಿಳೀತಿಲ್ಲೋ ಮಂಗ್ಯಾ?” ಹೆಸರಿಲ್ಲದ ಯಾವ ಸ್ಲೈಡು ಕೊಟ್ಟರೂ ಅವರು ಇಂದಿನವರೆಗೆ ತಪ್ಪಿದವರಲ್ಲ. ಆದರೆ ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಅವರ ಚಶ್ಮಾದ ಡಬ್ಬಿಯಿಂದ ಒಂದು ಹಳೆಯ ಸ್ಲೈಡು ಹೊರಬರುತ್ತದೆ. ಅವರು ಧಾರವಾಡದಲ್ಲಿ ಓದುವಾಗ ಕಾಲೇಜಿನಲ್ಲಿ ಗಾಜಿನ ಕೊರತೆಯಿಂದ ಇಬ್ಬರು ವಿದ್ಯಾರ್ಥಿಗಳಿಗೊಂದೇ ಸ್ಲೈಡು ಕೊಡುತ್ತಿದ್ದರು. ಅವರೂ ಜೋಡಿಯ ದ್ವಾರಕಾಬಾಯಿಯೂ ತಂತಮ್ಮ ಗಲ್ಲದ ಒಳಭಾಗವನ್ನು ಕಡ್ಡಿಯಿಂದ ಕೆರೆದು, ಬಂದ ಕೋಶಗಳನ್ನು ಈ ಸ್ಲೈಡಿನ ಮೇಲೆಯೇ ಹಚ್ಚಿದ್ದರು. ಮರುವರ್ಷ ಆಕೆಯನ್ನು ಸೊಲ್ಲಾಪುರಕ್ಕೆ ಮದುವೆ ಮಾಡಿಕೊಟ್ಟರು. ಒಮ್ಮೆ ಬಾಗಿಲು ಹಾಕಲು ಬಂದ ಸಿಪಾಯಿ ಮಡಿವಾಳೆಪ್ಪ ಕೇಳಿಯೇಬಿಟ್ಟ: “ಅದು ಯಾವ ಅಂಗಾಂಶರೀ ಸರ?” “ಅನುಲೇಪಕ.” “ಗೊತ್ತಿದ್ದದ್ದನ್ನ ವಾರಾ ವಾರಾ ಏನ್ ನೋಡ್ತೀರಿ?” ಮಾಸ್ತರರು ಕಣ್ಣು ಎತ್ತಲಿಲ್ಲ. “ಇದರಾಗ ಅರ್ಧ ನನ್ನವು, ಅರ್ಧ ಆಕೀವು. ಇಪ್ಪತ್ತೆರಡು ವರ್ಷ ಆತು ಮಡಿವಾಳೆಪ್ಪ, ಆಕೀವು ಯಾವು ಅಂತ ಇನ್ನೂ ಗುರ್ತ ಹತ್ತವಲ್ತು.”